ಚಂದಮ್ಮನವರ ‘ಹಾಳುಬಾವಿ’

ಮೇ ತಿಂಗಳ ಕಲಬುರಗಿಯಲ್ಲಿ ಉಣ್ಣೆಯ ಸ್ವೆಟರ್ ತೊಡುವ ಒಬ್ಬರೇ ಒಬ್ಬರನ್ನು ನಾನು ಬಲ್ಲೆ. ಅವರು ನಮ್ಮ ಗಾಜಿಪುರದ ಚಂದಮ್ಮನವರು. ಹೊರಗೆ ಡಾಂಬರು ಕರಗಿ ಚಪ್ಪಲಿಗೆ ಅಂಟುತ್ತಿರುವಾಗ, ಮಾಳಿಗೆಯ ಟಾಕಿಯಲ್ಲಿನ ನೀರು ಒಲೆಯ ಹಂಗಿಲ್ಲದೆ ಕಾದು ಕೂತಿರುವಾಗ, ಸಂಜೆ ಏಳಾಗುತ್ತಲೇ ಆ ಮಹಾತಾಯಿ ಟ್ರಂಕಿನಿಂದ ಗಂಡನ ಖಾಕಿ ಸ್ವೆಟರನ್ನು ಹೊರತೆಗೆದು, ಸೀರೆಯ ಮೇಲೆ ತೊಟ್ಟು, ತೋಳುಗಳನ್ನು ಮೊಣಕೈವರೆಗೆ ಮಡಿಸಿ, ಟಿ.ವಿ.ಯ ಮುಂದೆ ಪದ್ಮಾಸನದಲ್ಲಿ ವಿರಾಜಮಾನರಾಗುತ್ತಿದ್ದರು. ತಲೆಯ ಮೇಲೆ ಫ್ಯಾನು ಬಿಸಿಗಾಳಿಯನ್ನು ಕಲಸುತ್ತಿರುತ್ತಿತ್ತು. ಮೊದಲ ಸಲ ಈ ವೇಷವನ್ನು ಕಂಡಾಗ ನಾನು ಜ್ವರವೆಂದೇ ಬಗೆದು ಗಾಬರಿಯಿಂದ ವಿಚಾರಿಸಿದೆ.

“ಜ್ವರ ಎಲ್ಲಿಂದ್ರಿ ಮಾಸ್ತರ್ರೆ,” ಎಂದರು, ಪರದೆಯಿಂದ ಕಣ್ಣು ಕೀಳದೆ. “ಆ ಕತ್ಯಾಗ ಥಂಡಿ ಭಾಳ ಅದ.”

ಆ ಕತೆಯ ಹೆಸರು ‘ಹಾಳುಬಾವಿ’. ಅದೊಂದು ಅಪರಾಧ ಧಾರಾವಾಹಿ. ಯಾವುದೋ ಗುಡ್ಡಗಾಡಿನ ಊರು. ಬಿಡದೆ ಜಿನುಗುವ ಮಳೆ. ಮನುಷ್ಯರನ್ನೆಲ್ಲ ನೀಲಿ ನೀರಿನಲ್ಲಿ ಅದ್ದಿ ತೆಗೆದಂಥ ಮಂಕು ಬೆಳಕು. ಕಾವ್ಯಾ ಎಂಬ ಒಬ್ಬ ಹುಡುಗಿ ಕಾಣೆಯಾಗಿದ್ದಾಳೆ. ಅವಳನ್ನು ಹುಡುಕಬೇಕಾದ ಇನ್‌ಸ್ಪೆಕ್ಟರನಿಗೆ ನಿದ್ರೆ ಬಾರದ ರೋಗ, ಅವನ ಹೆಂಡತಿಗೆ ಮಾತಾಡದ ರೋಗ, ಊರಿನವರಿಗೆಲ್ಲ ಏನನ್ನೋ ಬಚ್ಚಿಟ್ಟುಕೊಂಡ ರೋಗ. ಅದರಲ್ಲಿ ಯಾರೂ ನಗುವುದಿಲ್ಲ. ಚಹಾ ಕುಡಿಯುವಾಗಲೂ ವಿಷಪ್ರಾಶನಕ್ಕೆ ಕೂತವರಂತೆ ಕೂರುತ್ತಾರೆ. ಹಗಲು ಕಂಡ ಬಾವಿಗೆ ಇರುಳು ಬಿದ್ದರೆಂಬ ಗಾದೆಯನ್ನು ವಾರಕ್ಕೈದು ದಿನ ವಿಸ್ತರಿಸಿದಂತಿತ್ತು ಆ ಧಾರಾವಾಹಿ.

ನಾನು ಕಾಲೇಜಿನಲ್ಲಿ ಕನ್ನಡ ಕಲಿಸುವವನು; ಬಿಡುವಿನಲ್ಲಿ ಪತ್ರಿಕೆಗಳಿಗೆ ಬರೆಯುವ ಚಟವುಂಟು. ಪುರವಣಿಯ ಸಂಪಾದಕರೊಬ್ಬರು ಆಗ ನನ್ನಿಂದ ಒಂದು ಲೇಖನವನ್ನು ಬಯಸಿದ್ದರು. ಇಷ್ಟು ನಿರಾಶೆಯನ್ನು ಉಣಬಡಿಸುವ ಧಾರಾವಾಹಿ ಪ್ರೇಕ್ಷಕರನ್ನು ಹಿಡಿದಿಟ್ಟುಕೊಳ್ಳಬಲ್ಲುದೇ ಎಂಬುದು ವಿಷಯ. ಇಲ್ಲವೆಂಬ ಉತ್ತರ ನಮ್ಮ ಓಣಿಯಲ್ಲೇ ಸಿದ್ಧವಾಗಿತ್ತು. ಮೊದಲ ವಾರ ಎಲ್ಲ ಮನೆಗಳ ಕಿಟಕಿಗಳಿಂದಲೂ ಅದೇ ಶೋಕಸಂಗೀತ ಹೊಮ್ಮುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ಒಂದೊಂದೇ ಕಿಟಕಿ ಪಕ್ಷಾಂತರ ಮಾಡಿ ಹಾಡು, ಹಾಸ್ಯ, ಅಡುಗೆಗಳ ಕಡೆ ಹೊರಟುಹೋಯಿತು. ಚಂದಮ್ಮನವರ ಸೊಸೆ ಶೀಲಾ ಕೂಡ ಫೋನು ಹಿಡಿದು ಒಳಕೋಣೆ ಸೇರಿದಳು. ಪಕ್ಕದ ಮನೆಯ ಅಮೀನಾ ಬೀ ಮಾತ್ರ ಗೆಳತಿಯ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು, ತೊಗರಿಬೇಳೆಯ ಮೊರ ಹಿಡಿದು ಬಂದು, ಟಿ.ವಿ.ಗೆ ಓರೆಯಾಗಿ ಕೂತು ಕಲ್ಲು ಆರಿಸುತ್ತಿದ್ದರು.

“ಕ್ಯಾ ಚಂದಮ್ಮಾ, ಪೂರಾ ರೋನಾಚ್ ರೋನಾ. ಅಳೋದ ಬಿಟ್ಟು ಇದರಾಗ ಏನದ?” ಎಂದು ಅವರು ಗೊಣಗುವರು. ಆದರೆ ಹಿನ್ನೆಲೆಯ ಪಿಟೀಲು ಏರುತ್ತಲೇ ಅವರ ಕೈಯೂ ಮೊರದಲ್ಲಿ ನಿಂತುಬಿಡುವುದು.

ಇಷ್ಟು ಕೇಳಿದವರು ಚಂದಮ್ಮನವರನ್ನು ಶೋಕಪ್ರಿಯರೆಂದು ಭಾವಿಸಿಯಾರು. ಅದು ಶುದ್ಧ ತಪ್ಪು. ಅವರಷ್ಟು ಉಲ್ಲಾಸದ ಜೀವವನ್ನು ಗಾಜಿಪುರ ಕಂಡಿಲ್ಲ. ಗಿಡ್ಡ ದೇಹ, ಅಗಲ ಹಣೆ, ಅದಕ್ಕೆ ತಕ್ಕ ವಿಭೂತಿ. ನಡಿಗೆಯಂತೂ ಯಾರೋ ಹಿಂದಿನಿಂದ ದೂಡಿದಂತೆ ಮುಂದಕ್ಕೆ ಬಾಗಿದ ಓಟ. ಅವರು ಬರುತ್ತಿದ್ದಾರೆಂದರೆ ಓಣಿಯ ಕೋಳಿಗಳು ತಾವಾಗಿ ಬದಿಗೆ ಸರಿಯುತ್ತಿದ್ದವು. ಮಾತೆಲ್ಲ “ಖರೇ ಕೇಳ್ತೀರೇನು?” ಎಂಬಲ್ಲಿಂದ ಆರಂಭ. ನಾವು ಕೇಳಲಿ ಬಿಡಲಿ, ಆ ಖರೆ ಬಂದೇ ಬರುತ್ತಿತ್ತು. ನಗು ಬಂದರೆ ಸೆರಗನ್ನು ಬಾಯಿಗೊತ್ತಿಕೊಳ್ಳುವ ನಾಜೂಕು ಅವರದಲ್ಲ; ಎದುರಿಗಿದ್ದವರ ತೋಳಿಗೆ ರಪ್ಪನೆ ಹೊಡೆದು ನಗುವರು. ಅವರೊಡನೆ ಹರಟುವಾಗ ನಾನು ಒಂದು ಮಾರು ದೂರ ಕೂರುವುದನ್ನು ರೂಢಿಸಿಕೊಂಡಿದ್ದೆ.

ಟಿ.ವಿ.ಯೊಳಗಿನ ಜನರೊಡನೆ ಅವರ ಸಂಬಂಧ ನೆರೆಮನೆಯವರೊಡನೆ ಇದ್ದಂತೆಯೇ. “ಏ ಅಂವನ ಸಂಗಾಟ ಹೋಗಬ್ಯಾಡವ್ವಾ, ಅಂವನ ಮಾರಿ ನೋಡು!” ಎಂದು ಎಚ್ಚರಿಸುವರು, ಕೇಳದೆ ಹೋದವಳನ್ನು “ಹೋಗಿ ಅನುಭವಿಸು” ಎಂದು ಶಪಿಸುವರು, ಮರುಕ್ಷಣವೇ ಕಣ್ಣೊರೆಸಿಕೊಳ್ಳುವರು. ಧಾರಾವಾಹಿಯ ಕರ್ತೃಗಳ ವಿಷಯದಲ್ಲೂ ಅವರಿಗೆ ತಕರಾರಿತ್ತು. “ಇಷ್ಟು ಮಳ್ಯಾಗ ಎಂಥಾ ಖೂನಿ ಮಾಡ್ತಾರ್ರಿ? ಕಾಲು ಜಾರಂಗಿಲ್ಲೇನು? ನಮ್ಮ ಕಡಿ ನೋಡ್ರಿ, ಈ ಬಿಸಲಿಗಿ ಖೂನಿ ಮಾಡಾಂವನೂ ಮಧ್ಯಾಹ್ನ ಮಕ್ಕೊಂಡು ಸಂಜಿಗಿ ಏಳ್ತಾನ.”

ಒಮ್ಮೆ ಜಗತ್ ಸರ್ಕಲ್ಲಿನ ಹತ್ತಿರ ತರಕಾರಿ ಕೊಳ್ಳುತ್ತ, ಹಿಂದಿನ ಸಂಜೆಯ ಕಂತನ್ನು ನೆನೆದು, “ಆ ಹುಡುಗಿ ನಿನ್ನಿನೂ ಸಿಗಲಿಲ್ಲ ನೋಡ್ರಿ, ತಾಯಿ ಊಟ ಬಿಟ್ಟಾಳ” ಎಂದು ನಿಟ್ಟುಸಿರು ಬಿಟ್ಟರಂತೆ. ತರಕಾರಿಯಾಕೆ ಕರುಳಿನ ಹೆಣ್ಣು. ಪಕ್ಕದವಳಿಗೆ ಹೇಳಿದಳು, ಅವಳು ಆಟೋದವನಿಗೆ ಹೇಳಿದಳು. ಸಂಜೆಯೊಳಗೆ ಗಾಜಿಪುರದಲ್ಲಿ ಹುಡುಗಿ ಕಳೆದಿದೆಯೆಂದು ಸುದ್ದಿಯಾಗಿ, ಗುಂಪು ಗುಂಪಾಗಿ ಜನ ಬಂದು ಚಂದಮ್ಮನವರ ಬಾಗಿಲಲ್ಲೇ ನಿಂತು, ಯಾವ ಮನೆ, ಯಾವ ಬಣ್ಣದ ಲಂಗ ಎಂದು ಕೇಳತೊಡಗಿದರು. ಬೇರೆಯವರಾಗಿದ್ದರೆ ನಾಚಿ ಒಳಗೆ ಸೇರಿಕೊಳ್ಳುತ್ತಿದ್ದರು. ಇವರು ಅಷ್ಟೂ ಮಂದಿಯನ್ನು ಒಳಗೆ ಕರೆದು, ಚಹಾ ಕೊಟ್ಟು, ಅಂದಿನ ಕಂತನ್ನು ತೋರಿಸಿಯೇ ಕಳಿಸಿದರು.

ಇಂಥವರು ಇಂಥದನ್ನು ಏಕೆ ನೋಡುತ್ತಾರೆ? ನನ್ನ ಲೇಖನಕ್ಕೆ ಬೇಕಾಗಿದ್ದುದೂ ಇದೇ. ಒಂದು ಸಂಜೆ ನೇರವಾಗಿ ಕೇಳಿದೆ. ಅವರು ಮೊದಲು ತಲಬಾಗಿಲ ಕಡೆ ನೋಡಿದರು. ಆಚೆ ಕಟ್ಟೆಯ ಮೇಲೆ ಅವರ ಯಜಮಾನರು ದೌಲಪ್ಪನವರು ಮನೆಗೆ ಬೆನ್ನು ಮಾಡಿ, ಕುರ್ಚಿಯಲ್ಲಿ ನೆಟ್ಟಗೆ ಕೂತು, ಓದಿ ಮುಗಿಸಿದ ಪತ್ರಿಕೆಯನ್ನು ಪುನಃ ಓದುತ್ತಿದ್ದರು.

“ಖರೇ ಕೇಳ್ತೀರೇನು?” ಎಂದರು ಚಂದಮ್ಮನವರು, ಈ ಸಲ ದನಿ ತಗ್ಗಿಸಿ. “ನಾ ಕತಿ ನೋಡ್ಲಾಕತ್ತಿಲ್ರಿ ಮಾಸ್ತರ್ರೆ. ನನ್ನ ಗಂಡನ ನೌಕರಿ ನೋಡ್ಲಾಕತ್ತೀನಿ.”

ದೌಲಪ್ಪನವರು ಪೊಲೀಸ್ ಇಲಾಖೆಯಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಬಹಳ ಕಾಲ ಕಮಲಾಪುರದ ಠಾಣೆಯಲ್ಲಿದ್ದರು. ವಾರಕ್ಕೊಮ್ಮೆ ಬಸ್ಸಿನಲ್ಲಿ ಮನೆಗೆ ಬರುವರು, ಬಾಗಿಲಲ್ಲೇ ಬೂಟು ಕಳಚುವರು, ಹಿತ್ತಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆಯುವರು, ಬಂದು ರೊಟ್ಟಿಗೆ ಕೂರುವರು. ಏನಾಯಿತೆಂದು ಕೇಳಿದರೆ ಒಂದೇ ಉತ್ತರ: “ಡ್ಯೂಟಿ ಇತ್ತು.” ಮದುವೆಯಾಗಿ, ಗಂಡುಮಕ್ಕಳು ಹುಟ್ಟಿ, ಸೊಸೆ ಬಂದು, ಗಂಡ ನಿವೃತ್ತನಾದರೂ ಆ ಹೆಣ್ಣುಮಗಳಿಗೆ ದಕ್ಕಿದ್ದು ಈ ಎರಡೇ ಪದಗಳು. ಮನುಷ್ಯ ಕೆಟ್ಟವರಲ್ಲ, ಹೆಂಡತಿಗೆ ಒರಟು ಮಾತಾಡಿದವರಲ್ಲ, ಸುಮ್ಮನೆ ಅರ್ಧ ಆಯುಷ್ಯವನ್ನು ಹೊಸಿಲಾಚೆ ಬೂಟಿನ ಜೊತೆ ಬಿಟ್ಟು ಒಳಗೆ ಬರುತ್ತಿದ್ದರು.

“ಅಲ್ಲಿ ಏನ್ ನೋಡಿ ಬರ್ತಿದ್ರೋ, ಯಾರ್ ಅತ್ತದ್ದು ಕೇಳಿ ಬರ್ತಿದ್ರೋ,” ಎಂದರು ಚಂದಮ್ಮನವರು. “ಇವ್ರು ಹೇಳಂಗಿಲ್ಲ. ಅದಕ್ಕ ಟಿ.ವಿ.ದವರನ್ನ ಕೇಳ್ಲಾಕತ್ತೀನಿ.”

ಲೇಖನ ಬರೆಯುವ ನನ್ನ ಉತ್ಸಾಹ ಅಂದು ಕುಗ್ಗಿತು. ನೋಡುವ ಉತ್ಸಾಹ ಬೆಳೆಯಿತು. ಸಂಜೆಗಳಲ್ಲಿ ನಾನೂ ಹೋಗಿ ಕೂರತೊಡಗಿದೆ. ಹಾಗಾಗಿ ಆ ಮನೆಯಲ್ಲಿ ನಡೆಯುತ್ತಿದ್ದ, ಪರದೆಯ ಮೇಲಿನದಕ್ಕಿಂತ ಎಷ್ಟೋ ನಿಧಾನವಾದ, ಎಷ್ಟೋ ಕುತೂಹಲಕರವಾದ ಒಂದು ಬೆಳವಣಿಗೆ ನನ್ನ ಕಣ್ಣಿಗೆ ಬಿತ್ತು. ಒಂದು ದಿನ ಪರದೆಯ ಮೇಲಿನ ಪೇದೆ ಬರಿತಲೆಯಲ್ಲಿ ಸಾಹೇಬನಿಗೆ ಸಲ್ಯೂಟ್ ಹೊಡೆದ. ಕಟ್ಟೆಯಿಂದ ಒಂದು ಗಡಸು ದನಿ ಬಂತು: “ಟೋಪಿ ಇಲ್ದ ಸಲ್ಯೂಟ್ ಹೊಡಿಯಂಗಿಲ್ಲ.” ಅಷ್ಟೇ. ಪತ್ರಿಕೆಯ ಹಾಳೆ ತಿರುವಿದ ಸದ್ದು. ಬೆನ್ನು ಮಾಡಿ ಕೂತವರಿಗೆ ಅದು ಕಂಡದ್ದಾದರೂ ಹೇಗೆ? ಅಮೀನಾ ಬೀ ಎದುರುಗೋಡೆಯ ಕನ್ನಡಿಯತ್ತ ಕಣ್ಣು ಹೊರಳಿಸಿ ನನಗೆ ತೋರಿಸಿದರು. ಕಟ್ಟೆಯ ಕುರ್ಚಿ ಬಾಗಿಲ ಕಡೆ ಓರೆಯಾಗಿತ್ತು. ದೌಲಪ್ಪನವರು ಕನ್ನಡಿಯಲ್ಲಿ ಟಿ.ವಿ.ಯನ್ನು ನೋಡುತ್ತಿದ್ದರು.

ಚಂದಮ್ಮನವರು ತುಟಿ ಪಿಟಕ್ಕೆನ್ನಲಿಲ್ಲ. ಎಂಥ ಸಂಯಮ! ಅವರಂಥ ಬಾಯಿಯವರಿಗೆ ಅದು ಉಪವಾಸಕ್ಕಿಂತ ಕಠಿಣವಾದ ವ್ರತ. ಮುಂದಿನ ವಾರ ಕುರ್ಚಿ ಬಾಗಿಲಿಗೆ ಬಂತು, “ಹೊರಗ ಸೊಳ್ಳಿ ಭಾಳ” ಎಂಬ ನೆಪದಲ್ಲಿ. ಆಮೇಲೆ ಹೊಸಿಲು ದಾಟಿತು, “ಒಳಗ ಗಾಳಿ ಛಲೋ ಅದ” ಎಂಬ ನೆಪದಲ್ಲಿ. ಆ ಬಿಸಿಗಾಳಿಯನ್ನು ಛಲೋ ಎಂದವರು ಪ್ರಪಂಚದಲ್ಲಿ ಅವರೊಬ್ಬರೇ. ಪತ್ರಿಕೆ ಮಾತ್ರ ಕೈಯಲ್ಲೇ ಇತ್ತು, ಒಮ್ಮೊಮ್ಮೆ ತಲೆಕೆಳಗಾಗಿ.

ಕೊನೆಗೊಂದು ಸಂಜೆ ಆ ಕಂತು ಬಂತು. ಮಂಜು ಕವಿದ ಹಾಳುಬಾವಿಯ ದಂಡೆ. ಕಾಣೆಯಾದ ಹುಡುಗಿಯ ತಾಯಿ ನಿಂತಿದ್ದಾಳೆ. ಇನ್‌ಸ್ಪೆಕ್ಟರ್ ದೀರ್ಘಕಾಲ ಶೂನ್ಯವನ್ನು ದಿಟ್ಟಿಸಿ ಹೇಳುತ್ತಾನೆ: “ಕಾಣೆಯಾದವರು ಯಾರೂ ಮರಳಿ ಬರುವುದಿಲ್ಲಮ್ಮ. ನಾವು ಹುಡುಕುವುದು ಬರೀ ನಮ್ಮ ಸಮಾಧಾನಕ್ಕೆ.” ಪಿಟೀಲು ಏರಿತು. ಅಮೀನಾ ಬೀಯ ಕೈ ಮೊರದಲ್ಲಿ ನಿಂತಿತು.

“ಸುಳ್ಳು!”

ದೌಲಪ್ಪನವರು ಎದ್ದು ನಿಂತಿದ್ದರು. ಪತ್ರಿಕೆ ಕಾಲಡಿಯಲ್ಲಿ ಬಿದ್ದಿತ್ತು. “ಬರ್ತಾರ. ಎಲ್ಲಾರೂ ಬರಂಗಿಲ್ಲ. ಆದ್ರ ಬರ್ತಾರ. ನಾನೇ ತಂದೀನಿ.”

ಜಾಹೀರಾತಿನ ಹೊತ್ತಿನಲ್ಲೂ ಜಾಗ ಬಿಟ್ಟು ಏಳದ ಚಂದಮ್ಮನವರು ಅಂದು ಕಂತಿನ ನಟ್ಟನಡುವೆ ರಿಮೋಟ್ ಎತ್ತಿ ಟಿ.ವಿ.ಯನ್ನು ಆರಿಸಿಬಿಟ್ಟರು.

“ಯಾರನ್ನ ತಂದೀರಿ?” ಎಂದರು.

ದೌಲಪ್ಪನವರು ಕೂತರು. ಮೊದಲು ಎರಡೆರಡೇ ಪದಗಳಾಗಿ, ಆಮೇಲೆ ಕಟ್ಟೆಯೊಡೆದ ನೀರಾಗಿ ಆ ಕತೆ ಬಂತು. ಕಮಲಾಪುರದ ಸಂತೆಯ ದಿನ ನಾಗರತ್ನಾ ಎಂಬ ಆರು ವರ್ಷದ ಹುಡುಗಿ ತಾಯಿಯ ಕೈ ತಪ್ಪಿಸಿಕೊಂಡಿತ್ತು. ಊರವರೆಲ್ಲ ಬಾವಿಗಳಿಗೆ ಹಗ್ಗ ಇಳಿಬಿಡುತ್ತಿದ್ದರು. ತಾಯಿ ಪ್ರತಿ ಬಾವಿಯ ದಂಡೆಗೂ ಓಡಿ ಓಡಿ ನಿಲ್ಲುತ್ತಿದ್ದಳು. ದೌಲಪ್ಪ ಆಗಿನ್ನೂ ಪೇದೆ. ಬಾವಿಯ ಕಡೆ ಹೋಗಲು ಅವರಿಗೆ ಕಾಲೇಳಲಿಲ್ಲ. ಬಸ್‌ ಸ್ಟ್ಯಾಂಡಿನ ಕಡೆ ಹೋದರು. ಹಸಿರು ಸೀರೆಯ ಹೆಂಗಸೊಬ್ಬಳ ಬೆನ್ನಿಗೆ ಒಂದು ಹುಡುಗಿ ಬಸ್ಸು ಹತ್ತಿತ್ತೆಂದು ಕಂಡಕ್ಟರನೊಬ್ಬ ನೆನಪಿಸಿಕೊಂಡ. ನಾಗರತ್ನಾಳ ತಾಯಿ ಅಂದು ಉಟ್ಟಿದ್ದೂ ಹಸಿರೇ. ಕೂಸು ಸೀರೆಯನ್ನು ನೋಡಿ ತಾಯಿಯೆಂದು ತಿಳಿದು ಹಿಂದೆ ಹೋಗಿತ್ತು. ದೌಲಪ್ಪ ಕಲಬುರಗಿಗೆ ಬಂದು ಸ್ಟೇಶನ್ ಬಜಾರದ ಲಾಡ್ಜು, ಹೋಟೆಲು, ಹಮಾಲರನ್ನೆಲ್ಲ ಕೇಳಿದರು. ಅಳುತ್ತಿದ್ದ ಹುಡುಗಿಯೊಂದು ಜನರ ನೂಕಿನಲ್ಲಿ ರೈಲು ಹತ್ತಿತೆಂದು ತಿಳಿಯಿತು. ಮುಂದೆ ಒಂದೊಂದೇ ನಿಲ್ದಾಣದಲ್ಲಿ ಇಳಿದು ವಿಚಾರಿಸುತ್ತ ವಾಡಿಗೆ ಹೋದಾಗ, ಅಲ್ಲಿ ಪೇರಲಹಣ್ಣು ಮಾರುವ ಮುದುಕಿಯ ಬುಟ್ಟಿಯ ಪಕ್ಕದಲ್ಲಿ ನಾಗರತ್ನಾ ಪೇರಲ ಕಚ್ಚುತ್ತ ಕೂತಿದ್ದಳು.

“ತಂದು ಅವ್ವನ ಕೈಯಾಗ ಕೊಟ್ಟೆ,” ಎಂದು ದೌಲಪ್ಪನವರು ಮುಗಿಸಿದರು. “ಡ್ಯೂಟಿ ಇತ್ತು.”

ಚಂದಮ್ಮನವರು ಸ್ವೆಟರಿನ ತೋಳಿನಿಂದ ಮುಖ ಒರೆಸಿಕೊಂಡರು. ಅಳುವಿದ್ದಿರಬಹುದು, ಬೆವರಿದ್ದಿರಬಹುದು. “ಇಂಥಾದ್ದು ಬಂದು ಹೇಳಿದ್ರ ಅವತ್ತ ನಾ ಹೋಳಿಗಿ ಮಾಡ್ತಿದ್ದಿಲ್ಲೇನ್ರಿ?” ಎಂದರು.

“ಇದನ್ನ ಹೇಳಿದ್ರ ಉಳಕಿದ್ದೂ ಹೇಳಬೇಕಾಗ್ತಿತ್ತು,” ಎಂದರು ದೌಲಪ್ಪನವರು.

ಸಿಕ್ಕ ಒಬ್ಬಳನ್ನು ಮನೆಯೊಳಗೆ ತರಬೇಕಾದರೆ ಸಿಗದವರೆಲ್ಲ ಬೆನ್ನಿಗೆ ಬರುತ್ತಾರೆಂದು ಆ ಮನುಷ್ಯ ಸಿಹಿಯನ್ನೂ ಬಾಗಿಲಾಚೆಯೇ ನಿಲ್ಲಿಸಿದ್ದರು.

ಆದರೆ ಚಂದಮ್ಮನವರು ಒಂದು ಮಾತಿನ ಮುಂದೆ ಮೌನವಾಗಿ ಕೂತು ಸಂಜೆ ಕಳೆಯುವ ಜಾತಿಯಲ್ಲ. “ಭಾನುವಾರ ಕಮಲಾಪುರಕ್ಕ ಹೋಗೂಣು,” ಎಂದು ಘೋಷಿಸಿದರು. ದೌಲಪ್ಪನವರು ಬೆಚ್ಚಿದರು. ಮೂವತ್ತು ವರ್ಷದ ಮೇಲಾಯಿತು, ಆ ಹುಡುಗಿ ಎಲ್ಲಿಗೆ ಮದುವೆಯಾಗಿದ್ದಾಳೋ, ಹೇಗಿದ್ದಾಳೋ, ಇದ್ದಾಳೋ ಇಲ್ಲವೋ ಎಂದರು. ಅವರ ಅಂಜಿಕೆ ನನಗೆ ಅರ್ಥವಾಯಿತು. ನೌಕರಿಯ ಉದ್ದಕ್ಕೂ ಗಳಿಸಿದ ಒಂದು ಬೆಳಕು. ಹೋಗಿ ಮುಟ್ಟಿ ನೋಡಿದರೆ ಆರಿಬಿಟ್ಟರೆ? ಆದರೆ ಹೆಂಡತಿಯ ಹಟದ ಮುಂದೆ ಇಲಾಖೆಯ ಶಿಸ್ತು ನಿಲ್ಲಲಿಲ್ಲ. ಭಾನುವಾರ ನಾವು ನಾಲ್ವರು, ಅಮೀನಾ ಬೀಯ ಪುರಿ-ಆಲೂಗಡ್ಡೆಯ ಡಬ್ಬಿ ಸಮೇತ, ಹುಮನಾಬಾದಿನ ಬಸ್ಸು ಹತ್ತಿದೆವು.

ಕಮಲಾಪುರದಲ್ಲಿ ಇಳಿದು, ಬಸ್‌ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಚಂದಮ್ಮನವರೇ ಕೇಳಿದರು: “ಸಂತ್ಯಾಗ ಕಳದು ಹೋಗಿದ್ಳಲ್ರಿ, ನಾಗರತ್ನಾ ಅಂತ...”

“ಯಾರು, ಸಿಕ್ಕ ನಾಗರತ್ನಾನ?” ಎಂದನು ಅಂಗಡಿಯವನು, ಕ್ಷಣವೂ ತಡೆಯದೆ. “ಅಲ್ಲೇ ನೋಡ್ರಿ, ಬಾಳಿಹಣ್ಣಿನ ಅಂಗಡಿ.”

ಸಿಕ್ಕ ನಾಗರತ್ನಾ! ಊರು ಅವಳಿಗೆ ಹಾಗೇ ಹೆಸರಿಟ್ಟುಬಿಟ್ಟಿತ್ತು. ದೌಲಪ್ಪನವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಎರಡು ಹೆಜ್ಜೆಯಿಟ್ಟು ಮತ್ತೆ ತೆಗೆದು ಒರೆಸಿದರು.

ಕೆಂಪು ಬಾಳೆಯ ಗೊನೆಗಳನ್ನು ತೋರಣದಂತೆ ತೂಗುಬಿಟ್ಟ ಅಂಗಡಿ. ನಡುವೆ ತಕ್ಕಡಿಯ ಮುಂದೆ ದಷ್ಟಪುಷ್ಟವಾದ ಒಬ್ಬ ಹೆಣ್ಣುಮಗಳು ಕೂತು, ಗೊನೆ ಇಳಿಸುತ್ತಿದ್ದ ಗಂಡನಿಗೂ ಆಳುಗಳಿಗೂ ಏಕಕಾಲಕ್ಕೆ ಆಜ್ಞೆ ಮಾಡುತ್ತಿದ್ದಳು. ದೌಲಪ್ಪನವರ ಮೀಸೆ, ನೆಟ್ಟಗಿನ ಬೆನ್ನು ನೋಡಿದ್ದೇ ತಡ, ಎದ್ದು ನಿಂತು ಶುರುಮಾಡಿದಳು: “ರಸ್ತಾದ ಮ್ಯಾಲ ಒಂದು ಬುಟ್ಟೀನೂ ಇಟ್ಟಿಲ್ರಿ ಸಾಹೇಬ್ರ! ಮೊನ್ನಿನೇ ಹಿಂದ ಸರಿಸೀನಿ! ಬೇಕಾದ್ರ ಅಳದ ನೋಡ್ರಿ!” ಅವಳ ವಾದ ಗ್ರಾಮ ಪಂಚಾಯಿತಿ ದಾಟಿ ಜಿಲ್ಲೆಗೆ ತಲುಪುವ ಹೊತ್ತಿಗೆ ಚಂದಮ್ಮನವರು ನಡುವೆ ನುಗ್ಗಿ, “ಏ ತಂಗೀ, ಸುಮ್ಮಿರು. ವಾಡಿ ಸ್ಟೇಶನ್ದಿಂದ ನಿನ್ನ ಕರಕೊಂಡು ಬಂದ ಪೊಲೀಸರವ್ವಾ ಇವ್ರು,” ಎಂದರು.

ನಾಗರತ್ನಾಳ ಕೈಯಲ್ಲಿದ್ದ ತೂಕದ ಕಲ್ಲು ಹಾಗೇ ಉಳಿಯಿತು. ಅವಳು ದೌಲಪ್ಪನವರ ಮುಖವನ್ನಲ್ಲ, ಕೈಗಳನ್ನು ನೋಡಿದಳು. ಆಮೇಲೆ ಗಟ್ಟಿಯಾಗಿ, ಇಡೀ ಬಸ್‌ ಸ್ಟ್ಯಾಂಡಿಗೆ ಕೇಳುವಂತೆ ಹೇಳಿದಳು: “ನನಗ ಜಡಿ ಹಾಕಿದವರು!”

ನಮಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ದಾರಿ, ರೈಲು, ಪೇರಲ, ಯಾವುದೂ ಅವಳಿಗೆ ನೆನಪಿಲ್ಲ. ನೆನಪಿರುವುದು ಒಂದೇ: ಬಸ್‌ ಸ್ಟ್ಯಾಂಡಿನ ಕಟ್ಟೆಯ ಮೇಲೆ ಖಾಕಿ ಬಟ್ಟೆಯ ಒಬ್ಬ ಮನುಷ್ಯ ಹಣಿಗೆ ಕೊಂಡು, ಕೆಂಪು ರಿಬ್ಬನ್ನು ಕೊಂಡು, ಅವಳನ್ನು ಮುಂದೆ ಕೂಡಿಸಿಕೊಂಡು ಸಿಕ್ಕು ಬಿಡಿಸಿ ಎರಡು ಜಡೆ ಹೆಣೆದದ್ದು. “ನಮ್ಮವ್ವ ಸಾಯೂತನಾ ಹೇಳ್ತಿದ್ಳು, ಪೊಲೀಸರು ನಿನ್ನ ಕರಕೊಂಡು ಬಂದಾಗ ನಿನ್ನ ಜಡಿ ನಾ ಹಾಕಿದ್ದಕ್ಕಿಂತ ನೆಟ್ಟಗಿದ್ದವು ಅಂತ!”

ಎಲ್ಲರೂ ದೌಲಪ್ಪನವರ ಕಡೆ ತಿರುಗಿದೆವು. ಅವರು ಬಾಳೆಗೊನೆಗಳನ್ನು ಪರಿಶೀಲಿಸುವವರಂತೆ ಮೇಲೆ ನೋಡುತ್ತಿದ್ದರು. “ಕೆದರಿದ ತಲ್ಯಾಗ ನೋಡಿದ್ರ ತಾಯಿ ಏನೇನೋ ತಿಳ್ಕೊಂತಿದ್ಳು,” ಎಂದರು ಮೆಲ್ಲಗೆ. “ಏನೂ ಆಗಿಲ್ಲ ಅನ್ನೋದು ಅಕಿಗಿ ದೂರದಿಂದಲೇ ಕಾಣಲಿ ಅಂತ.”

ಅಮೀನಾ ಬೀ “ಯಾ ಅಲ್ಲಾ” ಎಂದು ಸೆರಗಿನಿಂದ ಕಣ್ಣೊತ್ತಿಕೊಂಡರು. ಚಂದಮ್ಮನವರು ಮಾತ್ರ ಗಂಡನ ತೋಳಿಗೆ ರಪ್ಪನೆ ಒಂದು ಬಿಟ್ಟು, ನಕ್ಕು ನಕ್ಕು ಬಾಳೆಬುಟ್ಟಿಯ ಮೇಲೆಯೇ ಕುಸಿದು ಕೂತರು. “ನಿಮಗ ಜಡಿ ಹಾಕ್ಲಾಕ ಬರ್ತದ? ಬಾಣಂತಿ ಇದ್ದಾಗ ಕೈ ಎತ್ತಲಾಕ ಆಗದ ಕೂದಲ ಬಿಟ್ಟುಕೊಂಡು ಕೂಡ್ತಿದ್ದೆ, ಒಂದು ದಿನ ಹೇಳಲಿಲ್ಲಲ್ರಿ!”

“ನೀ ಕೇಳಲಿಲ್ಲ,” ಎಂದರು ದೌಲಪ್ಪನವರು. ಆಮೇಲೆ, “ನಮ್ಮವ್ವ ಹೋದಮ್ಯಾಲ ನನ್ನ ತಂಗೀಗಿ ಯಾರು ಹಾಕ್ತಿದ್ರು ಮತ್ತ?” ಎಂದು ಸೇರಿಸಿದರು.

ಚಂದಮ್ಮನವರ ನಗು ನಿಂತಿತು. ಎದ್ದು ಗಂಡನ ಪಕ್ಕದಲ್ಲಿ ನಿಂತುಕೊಂಡರು.

ನಾಗರತ್ನಾ ನಮ್ಮನ್ನು ಊಟ ಮಾಡದೆ ಬಿಡಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಜೊತೆಗೆ ಅಮೀನಾ ಬೀಯ ಪುರಿ. ಕೊನೆಗೆ ತಿಂದಷ್ಟೂ ಕೆಂಪು ಬಾಳೆಹಣ್ಣು. ನಡುವೆ ನಾನು, ಲೇಖನದ ನೆನಪಾಗಿ, ‘ಹಾಳುಬಾವಿ’ ನೋಡುತ್ತೀರಾ ಎಂದು ಕೇಳಿದೆ.

“ಅಯ್ಯ, ಅಂಥಾದ್ದು ನಾ ನೋಡಂಗಿಲ್ರಿ ಸರ,” ಎಂದಳು. “ನಮ್ಮವ್ವ ದಿನಾ ಆ ಸುದ್ದಿ ಹೇಳಿ ಹೇಳಿ ಅಳ್ತಿದ್ಳು, ಒಂದು ಜನ್ಮಕ್ಕಾಗೂವಷ್ಟು ಕೇಳೀನಿ. ಸಂಜಿಗಿ ನಾನು ನಗಸೋದು ಹಾಕ್ಕೊಂಡು ಕೂಡ್ತೀನಿ.”

ಅವಳ ಉತ್ತರವೂ ಸರಿಯಾಗಿಯೇ ಇತ್ತು. ಬಾವಿಯ ದಂಡೆಯಿಂದ ಎದ್ದು ಬಂದವಳು ಮತ್ತೆ ಬಾವಿಯನ್ನು ಏಕೆ ಇಣುಕಬೇಕು?

‘ಹಾಳುಬಾವಿ’ ಮಳೆಗಾಲದ ಹೊತ್ತಿಗೆ, ನೋಡುವವರು ಕಡಿಮೆಯಾಗಿ, ಅವಸರದಿಂದ ಮುಗಿಯಿತು. ಕೊನೆಯ ಕಂತಿನಲ್ಲಿ ಕಾವ್ಯಾ ಸಿಗಲಿಲ್ಲ. ಇನ್‌ಸ್ಪೆಕ್ಟರ್ ಮಂಜಿನೊಳಗೆ ನಡೆದುಹೋದ, ಅಷ್ಟೇ. “ಇಷ್ಟು ದಿನ ಕೂಡಿಸಿ ಇದನ್ನೇನು ಕೊಟ್ರು?” ಎಂದು ಅಮೀನಾ ಬೀ ಮೊರ ಎತ್ತಿಕೊಂಡರು. ನಾನು ಚಂದಮ್ಮನವರ ತೀರ್ಪಿಗೆ ಕಾದೆ.

“ಖರೇ ಕೇಳ್ತೀರೇನು? ಸಿಗಲಿಲ್ಲ ಅನ್ನೋದು ಅಲ್ರಿ ಮಾಸ್ತರ್ರೆ. ಸಿಗಂಗಿಲ್ಲ ಎಷ್ಟೋ ಮಂದಿ, ಇವ್ರು ಈಗ ಹೇಳ್ತಾರಲ್ಲ,” ಎಂದು ಗಂಡನನ್ನು ತೋರಿಸಿದರು. “ಅವ್ರು ಹುಡುಕಲೇ ಇಲ್ಲ. ಮಾರಿ ಸಣ್ಣದ ಮಾಡ್ಕೊಂಡು ನಿಂತ್ರು. ಒಬ್ಬರಾದ್ರೂ ಬಸ್‌ ಸ್ಟ್ಯಾಂಡಿಗಿ ಹೋಗಿ ಕೇಳಿದ್ರೇನು?”

ಸಂಪಾದಕರಿಗೆ ನಾನು ಬರೆದುಕೊಟ್ಟ ಲೇಖನದಲ್ಲಿ ಈ ವಾಕ್ಯಕ್ಕಿಂತ ಹೆಚ್ಚಿನದೇನೂ ಇರಲಿಲ್ಲ. ನನ್ನ ಪಾಂಡಿತ್ಯವೆಲ್ಲ ಇದರ ಸುತ್ತ ಸುತ್ತಿದ ಕಾಗದ. ಆ ಮನೆಯಲ್ಲಿ ಈಗ ಏಳು ಗಂಟೆಗೆ ಟಿ.ವಿ. ಹಾಕುವುದಿಲ್ಲ. ದೌಲಪ್ಪನವರು ಹೇಳುತ್ತಾರೆ, ಇವರು ಕೇಳುತ್ತಾರೆ. ಎಲ್ಲವೂ ಸಿಕ್ಕವರ ಕತೆಗಳಲ್ಲ. ಕೆಲವನ್ನು ಹೇಳುವಾಗ ಅವರ ದನಿ ನಡುವೆಯೇ ನಿಲ್ಲುತ್ತದೆ. ಚಂದಮ್ಮನವರು ಅವಸರ ಮಾಡುವುದಿಲ್ಲ. ನೀರು ತಂದುಕೊಡುತ್ತಾರೆ, ಮತ್ತೆ ಕೂರುತ್ತಾರೆ. ಕೆಲವು ಸಂಜೆ ಶೀಲಾ ಕೂಡ ಫೋನು ಬದಿಗಿಟ್ಟು ಬಂದು ಕೂರುತ್ತಾಳೆ.

ದುಃಖವನ್ನು ಕಂಡಾಗ ಬಾಗಿಲು ಮುಚ್ಚಿಕೊಳ್ಳುವವರು ಲೋಕದಲ್ಲಿ ಬಹಳ ಮಂದಿ. ಅವರನ್ನು ದೂಷಿಸಲಾಗದು, ಅವರವರ ಮನೆಯ ದೀಪವನ್ನು ಅವರವರು ಕಾಯಬೇಕಲ್ಲ. ದುಃಖವನ್ನು ದೂರದಿಂದ ಸವಿದು, ಎರಡು ಹನಿ ಸುರಿಸಿ, ಹಗುರಾಗಿ ಮಲಗುವ ರಸಿಕರೂ ಉಂಟು. ಇವರಿಬ್ಬರ ನಡುವೆ, ಓಣಿಗೊಬ್ಬರಂತೆ, ಇನ್ನೊಂದು ಬಗೆಯ ಜನ ಇರುತ್ತಾರೆ. ಆಸ್ಪತ್ರೆಯ ವರಾಂಡದಲ್ಲಿ ಗುರುತಿಲ್ಲದವರ ಪಕ್ಕ ಕೂತು “ಏನಾಯ್ತವ್ವಾ?” ಎನ್ನುವವರು ಅವರು, ಸಾವಿನ ಮನೆಯಲ್ಲಿ ಎಲ್ಲರೂ ಸಮಾಧಾನ ಹೇಳಿ ಎದ್ದ ಮೇಲೆ ಉಳಿದು, ಮೊದಲಿನಿಂದ ಹೇಳು ಎಂದು ಕೇಳುವವರು ಅವರು. ಕತ್ತಲೆ ಅವರಿಗೆ ರುಚಿಯಲ್ಲ. ಅದರೊಳಗೆ ಯಾರಾದರೂ ಇರಬಹುದೆಂಬ ಗುಮಾನಿಯಷ್ಟೇ. ಆಶ್ಚರ್ಯವೆಂದರೆ, ನಾನು ಕಂಡಂತೆ, ಇಂಥವರೇ ಹೆಚ್ಚು ನಗುತ್ತಾರೆ, ಹೆಚ್ಚು ಉಣ್ಣುತ್ತಾರೆ, ಮದುವೆಮನೆಗೆ ಮೊದಲು ಬಂದು ಕೊನೆಗೆ ಹೋಗುತ್ತಾರೆ. ಕತ್ತಲೆಯನ್ನು ಹೊಸಿಲಲ್ಲಿ ತಡೆದು ನಿಲ್ಲಿಸುವ ಪಹರೆಯ ಕೆಲಸ ಇಲ್ಲದವರಿಗೆ ನಗಲು ಪುರುಸೊತ್ತು ಹೆಚ್ಚು.